ಐದನೆಯ ಕೈ

ಮನೆಯಿಂದ,
ಅಕ್ಟೋಬರ್ ಹದಿನಾಲ್ಕು, ಭಾನುವಾರ

ನನ್ನ ಪ್ರೀತಿಯ ಮರಿಗೆ,

ಹೇಗಿದ್ದೀಯ? ಹೊಸ ಮನೆಯ ಕಿಟಕಿಗಳಿಗೆ ಪರದೆ ಹಾಕಿಸಿದೆಯಾ, ಇಲ್ಲ ಇನ್ನೂ ಆಫೀಸಿನಿಂದ ತಂದ ಹಳೆಯ ನಕ್ಷೆಗಳನ್ನೇ ಗಾಜಿಗೆ ಅಂಟಿಸಿಕೊಂಡು ಕೂತಿದ್ದೀಯಾ? ನಕ್ಷೆ ಬರೆಯುವವಳ ಮನೆಗೆ ಬಿಸಿಲು ಕೂಡ ನದಿ, ಗಡಿ ಎಲ್ಲ ದಾಟಿಕೊಂಡೇ ಒಳಗೆ ಬರಬೇಕು. ಕೆಮ್ಮು ಹೋಯಿತೇ? ಹೋಗಿರದಿದ್ದರೆ ಡಾಕ್ಟರ ಹತ್ತಿರ ಹೋಗು. ‘ತಾನಾಗಿ ಹೋಗುತ್ತದೆ’ ಎನ್ನುವುದು ನಿಮ್ಮಪ್ಪನ ಕಡೆಯ ಚಾಳಿ, ನನ್ನದಲ್ಲ.

ಪತ್ರ ತಡವಾಯಿತು, ಹೊಟ್ಟೆಗೆ ಹಾಕಿಕೊ. ಮಾರ್ಚಿನಲ್ಲಿ ಆ ಸಭೆ ಮುಗಿದಾಗಿನಿಂದ ಬರೆಯಬೇಕು, ಬರೆಯಬೇಕು ಎಂದುಕೊಂಡೇ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಬರೆಯಲು ಕೂರುತ್ತಿರಲಿಲ್ಲ ಎಂದಲ್ಲ. ಕೂತರೆ ಎರಡನೆಯ ಸಾಲಿಗೇ ನನ್ನ ಕಡೆಯ ನ್ಯಾಯ ಹೇಳತೊಡಗುತ್ತಿದ್ದೆ. ಪತ್ರ ಹೋಗಿ ಕಾಲೇಜು ಟ್ರಸ್ಟಿನ ವಾರ್ಷಿಕ ವರದಿಯಾಗುತ್ತಿತ್ತು. ಹರಿದು ಒಲೆಗೆ ಹಾಕುತ್ತಿದ್ದೆ. ಇವತ್ತು ಹೇಗೆ ಬರುತ್ತದೋ ಹಾಗೆ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಮಂಡಿ ನೋವು ಇದ್ದ ಹಾಗೇ ಇದೆ, ರಕ್ತದೊತ್ತಡ ಹೇಳಿದ ಮಾತು ಕೇಳುತ್ತಿದೆ. ಆರೋಗ್ಯದ ವಿಷಯ ಇಲ್ಲಿಗೆ ಮುಗಿಯಿತು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ, ಬೇಸರಪಡಬೇಡ. ನನ್ನ ವಯಸ್ಸಿನವರಿಗೆ ಕಥೆಯನ್ನು ನಡುವಿನಿಂದ ಶುರು ಮಾಡಲು ಬರುವುದಿಲ್ಲ.

ಸಾರೋಟು ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ ಇಬ್ಬರು ಅಕ್ಕತಂಗಿಯರು ಬೆರಳೆಣಿಕೆಯ ಹುಡುಗಿಯರನ್ನು ಕೂರಿಸಿಕೊಂಡು ಶುರು ಮಾಡಿದ ಕಾಲೇಜು ಅದು. ಕೆಳಗೆ ಕುದುರೆ ಕೆನೆಯುತ್ತಿದ್ದರೆ ಮೇಲೆ ರೇಖಾಗಣಿತ ನಡೆಯುತ್ತಿತ್ತಂತೆ. ಬೇರೆ ಯಾವ ಕಾಲೇಜಿನ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆಯದ ಕಾಲ. ಈಗ ನೂರು ವರ್ಷ ದಾಟಿ ಎಷ್ಟೋ ಆಯಿತು. ನಿಮ್ಮಪ್ಪ ಹೋದಾಗ ನಿನಗಿನ್ನೂ ಹಲ್ಲು ಮೂಡಿರಲಿಲ್ಲ. ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಾಲೇಜಿನವರು ನಮಗೆ ಹಾಸ್ಟೆಲಿನ ಪಕ್ಕದ ಎರಡು ಕೋಣೆ ಬಿಟ್ಟುಕೊಟ್ಟರು. ನೀನು ನಡೆಯಲು ಕಲಿತದ್ದು ಹಾಸ್ಟೆಲಿನ ಕಾರಿಡಾರಿನಲ್ಲಿ. ನಿನ್ನನ್ನು ಎತ್ತಿಕೊಳ್ಳಲು ಪಾಳಿ ಹಚ್ಚುತ್ತಿದ್ದರು ಹುಡುಗಿಯರು. ಪರೀಕ್ಷೆಯ ಕಾಲದಲ್ಲಿ ಮಾತ್ರ ನನ್ನ ಕೈಗೆ ಸಿಗುತ್ತಿದ್ದೆ. ಆಮೇಲೆ ನೀನು ಅಲ್ಲಿಯೇ ಓದಿದೆ. ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ಕಾರ್ಯದರ್ಶಿಯಾದೆ. ಹಾಗೆ ನೋಡಿದರೆ ಆ ಕಾಲೇಜು ನಿನಗೆ ಇನ್ನೊಬ್ಬ ತಾಯಿ. ನನಗಿಂತ ತಾಳ್ಮೆಯ ತಾಯಿ ಎಂದೂ ಸೇರಿಸಬಹುದು.

ನನ್ನನ್ನು ಟ್ರಸ್ಟಿಗೆ ಕರೆದು ಅಧ್ಯಕ್ಷೆ ಮಾಡಿದಾಗ ಹೊಗಳಿಕೆ ಎಂದುಕೊಂಡಿದ್ದೆ. ಮೂರೇ ತಿಂಗಳಿಗೆ ತಿಳಿಯಿತು, ಅದು ಬೇರೆ ಯಾರಿಗೂ ಬೇಡವಾಗಿದ್ದ ಕುರ್ಚಿ. ಮೊದಲ ದಿನ ನಮ್ಮ ವಕೀಲರು ಒಂದು ಮಾತು ಹೇಳಿದ್ದರು. “ಮೇಡಂ, ಇದರಲ್ಲಿ ಒಂದು ಇಟ್ಟಿಗೆನೂ ನಮ್ದಲ್ಲ. ಸತ್ತೋರು ಕೊಟ್ಟಿದ್ದಾರೆ, ಇನ್ನೂ ಹುಟ್ಟದೇ ಇರೋರಿಗೆ ತಲುಪಿಸ್ಬೇಕು. ನಡುವೆ ಹೊತ್ಕೊಂಡು ಹೋಗೋ ಕೂಲಿಗಳು ನಾವು, ಅಷ್ಟೇ.” ತಮಾಷೆಗೆ ಹೇಳಿದ್ದರು. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು.

ಹೊರೆ ದಿನೇ ದಿನೇ ಭಾರವಾಯಿತು. ಹಾಸ್ಟೆಲಿನ ಮೇಲಿನ ಅಂತಸ್ತಿಗೆ ಬೀಗ ಬಿತ್ತು. ಸಭಾಂಗಣದ ಮಾಡು ಒಂದು ಕಡೆ ಹೊಟ್ಟೆ ಇಳಿಬಿಟ್ಟುಕೊಂಡಿತು. ಅದರ ಕೆಳಗೆ ಯಾರೂ ಕೂರಬಾರದೆಂದು ಹಗ್ಗ ಕಟ್ಟಿಸಿದೆವು. ಭೌತಶಾಸ್ತ್ರದ ಕೊನೆಯ ವರ್ಷದ ತರಗತಿಯಲ್ಲಿ ಇಬ್ಬರೇ ಇದ್ದರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಮೇಷ್ಟರ ಎದುರು ಒಬ್ಬಳೇ ಕೂರಲು ನಾಚಿಕೊಂಡು ತಾನೂ ರಜೆ ಹಾಕುತ್ತಿದ್ದಳು. ಮೇಷ್ಟರು ಖಾಲಿ ಬೆಂಚುಗಳಿಗೆ ಪಾಠ ಮಾಡಿ ಅಭ್ಯಾಸ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಿದ್ದರು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ ಮರೀ. ಈಗ ಹುಡುಗಿಯರು ಎಲ್ಲಿ ಬೇಕಾದರೂ ಓದಬಹುದು. ಆ ಅಕ್ಕತಂಗಿಯರು ಜೀವ ತೇಯ್ದದ್ದು ಅದಕ್ಕಾಗಿಯೇ ಅಲ್ಲವೇ? ನಾವು ಗೆದ್ದೆವು, ಗೆದ್ದದ್ದರಿಂದಲೇ ಖಾಲಿಯಾದೆವು.

ಊರಾಚೆಯ ದೊಡ್ಡ ಸಂಸ್ಥೆಯವರು ನಮ್ಮನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತೇವೆಂದು ಬಂದದ್ದು ಆಗಲೇ. ಮೇಜಿನ ಮೇಲೆ ಗಾಜಿನ ಪುಟ್ಟ ಕಟ್ಟಡವೊಂದನ್ನು ಇಟ್ಟರು. ನಮ್ಮ ಹಳೆಯ ಕಟ್ಟಡ ಅದರ ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. “ಹೆಸರು ಖಂಡಿತ ಉಳಿಸ್ತೀವಿ ಮೇಡಂ,” ಎಂದರು ಬಂದವರಲ್ಲಿ ಹಿರಿಯರು. ಎಲ್ಲಿ ಉಳಿಸುತ್ತೀರಿ ಎಂದು ಕೇಳಿದೆ. ತಮ್ಮವರ ಮುಖ ನೋಡಿಕೊಂಡು, “ಕ್ಯಾಂಟೀನಿಗೆ ಇಡ್ಬಹುದು. ಎಲ್ಲಾರೂ ದಿನಾ ಹೋಗೋ ಜಾಗ ಅದು” ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಅವರಿಗೆ ಇನ್ನೊಂದು ಲೋಟ ಟೀ ಕೊಡಿಸಿದೆ.

ಅವರಿಗೆ ಏಪ್ರಿಲ್ ಒಳಗೆ ಉತ್ತರ ಬೇಕಿತ್ತು. ನಮ್ಮ ಮುಂದೆ ಇದ್ದದ್ದು ಎರಡೇ ದಾರಿ. ಅವರ ಹೊಟ್ಟೆಗೆ ಹೋಗುವುದು, ಇಲ್ಲವೇ ಹುಡುಗರನ್ನೂ ಸೇರಿಸಿಕೊಂಡು ನಮ್ಮ ಕಾಲ ಮೇಲೆ ನಾವು ನಿಲ್ಲುವುದು. ಮೂರನೆಯದೂ ಒಂದಿತ್ತು, ಇದ್ದ ಹಾಗೇ ಇದ್ದು ಮೆಲ್ಲಗೆ ಮುಗಿದುಹೋಗುವುದು. ಆದರೆ ಅದನ್ನು ದಾರಿ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಇನ್ನು ಆ ದಿನದ ಸಭೆ. ನೀನು ಗೋಡೆಯ ಪಕ್ಕದ ಸಾಲಿನಲ್ಲಿ ಹಳೆಯ ವಿದ್ಯಾರ್ಥಿನಿಯರ ಜೊತೆ ಕೂತಿದ್ದೆ. ನಾನು ಮೇಜಿನ ತಲೆಯ ಕಡೆ. ಮೇಜಿನ ಸುತ್ತ ನಾವು ಐದು ಜನ. ವಕೀಲರು, ಮುದ್ರಣಾಲಯದ ಯಜಮಾನರು, ನಮ್ಮಲ್ಲೇ ಓದಿ ಹೆರಿಗೆ ಆಸ್ಪತ್ರೆ ನಡೆಸಿದ ಡಾಕ್ಟರಮ್ಮ, ಮತ್ತು ‘ಮೊಮ್ಮಗ’. ಆ ಅಕ್ಕತಂಗಿಯರ ತಮ್ಮನ ಮೊಮ್ಮಗ ಅವರು. ತಮಗೇ ಮೊಮ್ಮಕ್ಕಳಿದ್ದರೂ ಕಾಲೇಜಿನವರ ಬಾಯಲ್ಲಿ ಇವತ್ತಿಗೂ ಮೊಮ್ಮಗನೇ.

ಮೊಮ್ಮಗ ಎದ್ದು ನಿಂತು, “ಅಜ್ಜಿಯರು ಈಗ ಇದ್ದಿದ್ರೆ ಏನಂತಿದ್ರು, ಒಂದು ಸಲ ಯೋಚ್ನೆ ಮಾಡಿ!” ಎಂದು ಮೇಜು ಗುದ್ದಿದರು.

“ಇದ್ದಿದ್ರೆ ನೂರೈವತ್ತು ವರ್ಷ ಆಗಿರೋದು. ಕುರ್ಚಿ ಹಾಕಿ ಕೂರಿಸಿ, ಸುಮ್ನೆ ನೋಡ್ತಾ ಕೂತಿರ್ತಿದ್ವಿ,” ಎಂದರು ಮುದ್ರಣಾಲಯದವರು. ನಿನ್ನ ಸಾಲಿನವರು ಕಿಸಕ್ಕೆಂದರು. ನೀನು ನಗಲಿಲ್ಲ. ನೀನು ಕೈಯಲ್ಲಿದ್ದ ಕಾಗದವನ್ನು ಮಡಚಿ ಚೀಲದೊಳಗೆ ಇಟ್ಟದ್ದನ್ನು ನಾನು ನೋಡಿದೆ. ಕಾಗದ ಇಲ್ಲದೆ ಮಾತಾಡುತ್ತೀಯ ಎಂದು ಗೊತ್ತಾಯಿತು.

ನೀನು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. “ನಾನು ಈ ಕಟ್ಟಡದಲ್ಲಿ ಬೆಳೆದೋಳು. ಹೊರಗೆ ಎಲ್ಲಿ ಹೋದ್ರೂ ಮನೇಲಿ ಗಂಡಸರು ಯಾರಿದ್ದಾರೆ ಅಂತ ಕೇಳ್ತಿದ್ರು. ಇಲ್ಲಿ ಮಾತ್ರ ಯಾರೂ ಕೇಳ್ಲಿಲ್ಲ. ನಮ್ಮ ಓದೋ ಕೋಣೇಲಿ ಹುಡುಗೀರು ಕಿಟಕಿ ಕಟ್ಟೆ ಮೇಲೆ ಕಾಲು ಚಾಚಿಕೊಂಡು ಓದ್ತಾರೆ. ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೀತಾರೆ. ತಪ್ಪು ಉತ್ತರಾನ ಗಟ್ಟಿಯಾಗಿ ಹೇಳ್ತಾರೆ. ಈ ಊರಲ್ಲಿ ಅಂಥ ಇನ್ನೊಂದು ಜಾಗ ತೋರ್ಸಿ, ನಾನು ಇಲ್ಲಿಂದ ಎದ್ದು ಹೋಗ್ತೀನಿ. ಹುಡುಗರಿಗೆ ಓದೋಕೆ ಜಾಗ ಇಲ್ವಾ? ಇಡೀ ಊರೇ ಇದೆ.”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಹೆಮ್ಮೆಯಿಂದ ಪಕ್ಕದಲ್ಲಿದ್ದವರನ್ನು ತಿವಿದು ‘ನನ್ನ ಮಗಳು’ ಎನ್ನಬೇಕೆನಿಸಿತು. ಪಕ್ಕದಲ್ಲಿದ್ದದ್ದು ವಕೀಲರು. ಅವರು ನನ್ನ ಕಡೆ ಬಾಗಿ ಪಿಸುದನಿಯಲ್ಲಿ, “ಮೇಡಂ, ಮಗಳು ಎದುರಿಗಿದ್ದಾಳೆ. ನೀವು ಮತ ಹಾಕ್ದೆ ಸುಮ್ನಿದ್ರೂ ಯಾರೂ ತಪ್ಪು ತಿಳ್ಕೊಳ್ಳಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹುಡುಗರನ್ನು ಸೇರಿಸಬೇಕೆನ್ನುವವರು ಕೈ ಎತ್ತಿ ಎಂದು ನಾನೇ ಹೇಳಬೇಕಾಯಿತು. ವಕೀಲರು ಎತ್ತಿದರು, ಮುದ್ರಣಾಲಯದವರು ಎತ್ತಿದರು. ಡಾಕ್ಟರಮ್ಮನ ಕೈ ಮಡಿಲಲ್ಲೇ ಇತ್ತು. ಮೊಮ್ಮಗ ಕೈ ಕಟ್ಟಿ ಕೂತಿದ್ದರು. ನಾನು ಸುಮ್ಮನಿದ್ದರೆ ಎರಡಕ್ಕೆ ಎರಡು. ಮಾತು ಬಿದ್ದುಹೋಗುತ್ತಿತ್ತು. ಮಾರನೆಯ ತಿಂಗಳು ಗಾಜಿನ ಕಟ್ಟಡದವರು ಬರುತ್ತಿದ್ದರು, ಬೇಡವೆನ್ನಲು ನಮ್ಮಲ್ಲಿ ಕಸುವು ಇರುತ್ತಿರಲಿಲ್ಲ. ಆಗ ಕಿಟಕಿಯ ಕಟ್ಟೆಯೂ ಇಲ್ಲ, ಕೋಣೆಯೂ ಇಲ್ಲ. ಕ್ಯಾಂಟೀನು ಮಾತ್ರ.

ನನ್ನ ಕೈ ಐದನೆಯದು. ಎತ್ತಿದೆ. ಎತ್ತಿದ ಕೈಯನ್ನು ಎಷ್ಟು ಹೊತ್ತು ಮೇಲೆ ಹಿಡಿದಿದ್ದೆನೋ, ವಕೀಲರೇ “ಆಯ್ತು ಮೇಡಂ, ಇಳಿಸಿ” ಎನ್ನಬೇಕಾಯಿತು. ನಾನು ನಿನ್ನ ಕಡೆ ನೋಡಿದಾಗ ನೀನು ಚೀಲದ ಜಿಪ್ ಎಳೆಯುತ್ತಿದ್ದೆ.

ಸಂಜೆಯ ರೈಲಿಗೇ ಹೊರಟೆಯಂತೆ. ಹಾಸಿಗೆಗೆ ಹೊಸ ಹಾಸು ಹಾಕಿದ್ದೆ. ಆಫೀಸಿನಲ್ಲಿ ಕೆಲಸ ಬಿದ್ದಿರಬೇಕು ಎಂದುಕೊಂಡೆ. ಹಾಗೆಂದೇ ಕೇಳಿದವರಿಗೂ ಹೇಳಿದೆ.

ಕೈ ನೋಯುತ್ತಿದೆ. ನಾಳೆ ಮುಂದುವರಿಸುತ್ತೇನೆ.

ಮಂಗಳವಾರ

ನಾಳೆ ಎಂದವಳು ಒಂದು ದಿನ ತಪ್ಪಿಸಿ ಕೂತಿದ್ದೇನೆ. ಮುಂದೆ ಬರೆಯಬೇಕಾದ ಭಾಗ ನನಗೆ ಇಷ್ಟವಿಲ್ಲದ್ದು. ಮೊದಲು ಒಂದು ನಗೆಯ ಸಂಗತಿ ಬರೆದುಬಿಡುತ್ತೇನೆ.

ಹುಡುಗರು ಬರುತ್ತಾರೆಂದ ಕೂಡಲೇ ನಮಗೆ ಎದುರಾದ ದೊಡ್ಡ ಪ್ರಶ್ನೆ ಯಾವುದು ಹೇಳು? ಶೌಚಾಲಯ. ಇಡೀ ಕಟ್ಟಡದಲ್ಲಿ ಗಂಡಸರದ್ದೆಂಬುದು ಒಂದೂ ಇಲ್ಲ. ಇಷ್ಟು ವರ್ಷ ನಮ್ಮ ಮೇಷ್ಟರುಗಳೆಲ್ಲ ಗೇಟಿನ ಕಾವಲು ಕೋಣೆಯ ಹಿಂದಕ್ಕೆ ದಂಡಯಾತ್ರೆ ಹೋಗಿ ಬರುತ್ತಿದ್ದರು. ಮಳೆ ಬಂದರೆ ಸ್ಟಾಫ್ ರೂಮಿನ ಒಂದೇ ಕೊಡೆಗೆ ಸರದಿ. ಕಾಲೇಜಿನ ನೂರು ವರ್ಷದ ಸ್ವರೂಪ ಬದಲಿಸುವ ಮಾತು ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು. ಈ ಶೌಚಾಲಯ ಎಲ್ಲಿರಬೇಕೆಂಬುದಕ್ಕೆ ಮೂರು ಸಭೆ ಹಿಡಿಯಿತು! ಕೊನೆಗೆ ಭೂಗೋಳದ ಹಳೆಯ ಉಗ್ರಾಣ ಒಡೆದು ಮಾಡಿದೆವು. ಅಲ್ಲಿದ್ದ ಗ್ಲೋಬುಗಳನ್ನೆಲ್ಲ ನಿನಗಾಗಿ ತೆಗೆದಿರಿಸಿದ್ದೇನೆ. ಅವುಗಳಲ್ಲಿರುವ ದೇಶಗಳಲ್ಲಿ ಅರ್ಧ ಈಗ ಇಲ್ಲ.

ಇನ್ನು ಇಷ್ಟವಿಲ್ಲದ ಭಾಗ. ಸಭೆಯಾದ ಮೇಲೆ ನನ್ನ ಮನೆಯ ಕರೆಗಂಟೆಗೆ ಕೆಲಸವಿಲ್ಲದಂತಾಯಿತು. ಜಗಳವಾಡಿ ಬಾಯಿಗೆ ಬಂದಂತೆ ಬೈದಿದ್ದರೆ ಸಹಿಸಬಹುದಿತ್ತು. ಯಾರೂ ಬೈಯಲಿಲ್ಲ. ಶನಿವಾರದ ಇಸ್ಪೀಟಿನ ಗುಂಪಿನವರು ‘ಈ ವಾರ ಆಗ್ತಿಲ್ಲ’ ಎಂದರು. ಮುಂದಿನ ವಾರವೂ ಆಗಲಿಲ್ಲ. ಒಂದು ಶನಿವಾರ ಅದೇ ಬೀದಿಯಲ್ಲಿ ಹಾದುಹೋಗುವಾಗ ಕಿಟಕಿಯೊಳಗೆ ನಾಲ್ಕೂ ಜನ ಕೂತು ಆಡುತ್ತಿದ್ದುದು ಕಂಡಿತು. ನನ್ನ ಜಾಗದಲ್ಲಿ ಗಣಿತದ ಮೇಡಂ. ಅವಳಿಗೆ ಆಟವೇ ಬರುವುದಿಲ್ಲ, ಗೊತ್ತೇ? ಎಲೆಗಳನ್ನು ಎದುರಿನವರಿಗೆ ಕಾಣುವಂತೆ ಹಿಡಿಯುತ್ತಾಳೆ. ಹಳೆಯ ವಿದ್ಯಾರ್ಥಿನಿಯರ ಚಹಾಕೂಟಕ್ಕೂ ಹೋದೆ, ಕರೆದಿದ್ದರು. ಎಲ್ಲರೂ ನಕ್ಕು ಮಾತಾಡಿಸಿದರು. ಆದರೆ ನನ್ನ ಎರಡೂ ಪಕ್ಕದ ಕುರ್ಚಿಗಳು ಕೊನೆಯವರೆಗೂ ಖಾಲಿಯೇ ಉಳಿದವು. ಒಂದರ ಮೇಲೆ ನನ್ನ ಚೀಲ ಇಟ್ಟುಕೊಂಡೆ, ಬೇಕೆಂದೇ ಹಿಡಿದಿಟ್ಟ ಜಾಗದಂತೆ ಕಾಣಲಿ ಎಂದು.

ಎಲ್ಲಕ್ಕಿಂತ ನೋಯಿಸಿದ್ದು ವಾರ್ಡನ್ನು. ನಿನಗೆ ದೊಡ್ಡಮ್ಮನೇ ಆದವಳು, ಹಾಸ್ಟೆಲಿನಲ್ಲಿ ನಿನ್ನ ತಲೆ ಬಾಚಿದವಳು, ನಿನಗೆ ಸೈಕಲ್ಲು ಕಲಿಸಲು ಹೋಗಿ ತಾನೇ ಬಿದ್ದು ಕೈ ಮುರಿದುಕೊಂಡವಳು. ನಿವೃತ್ತಿಯಾದ ಮೇಲೆ ಪಕ್ಕದ ಓಣಿಯಲ್ಲೇ ಮನೆ ಮಾಡಿದ್ದಳಲ್ಲ, ಬೆಳಗಿನ ನಡಿಗೆ ಇಬ್ಬರದೂ ಒಟ್ಟಿಗೇ. ಮತ ಹಾಕಿದ ಮರುದಿನದಿಂದ ಅವಳು ಬರಲಿಲ್ಲ. ವಾರ ಕಳೆದು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ನನ್ನ ಮನೆಯ ಇನ್ನೊಂದು ಬೀಗದ ಕೈ. ಅದು ಅವಳ ಹತ್ತಿರವೇ ಇರುತ್ತಿತ್ತು, ನನಗೆ ಏನಾದರೂ ಆದರೆ ಇರಲಿ ಎಂದು.

“ತಗೋ, ನಿನ್ನ ಬೀಗದ ಕೈ.”

“ಯಾಕೆ?”

“ವಯಸ್ಸಾಯ್ತು ನನಗೆ. ಎಲ್ಲಿಟ್ಟಿದ್ದೀನೋ ಮರೆತುಹೋಗುತ್ತೆ.”

ಯಾವ ವರ್ಷ ಯಾವ ಕೋಣೆಯಲ್ಲಿ ಯಾವ ಹುಡುಗಿ ಇದ್ದಳು, ಅವಳ ತಂದೆಗೆ ಯಾವ ಕಾಯಿಲೆ ಇತ್ತು ಎಂದು ಇವತ್ತಿಗೂ ಹೇಳುವವಳು ಇವಳು.

“ಒಳಗೆ ಬಾ, ಟೀ ಮಾಡ್ತೀನಿ,” ಎಂದೆ.

“ಬೇಡ. ಮೆಟ್ಟಿಲು ಹತ್ತೋಕೆ ಆಗಲ್ಲ.”

“ನನ್ನ ಮನೆಗೆ ಮೆಟ್ಟಿಲೇ ಇಲ್ವಲ್ಲೇ!”

ಅವಳು ಕೆಳಗೆ ನೋಡಿದಳು, ಹೊಸ್ತಿಲು ನೋಡಿದಳು. ನಗುತ್ತಾಳೆ ಎಂದುಕೊಂಡೆ. “ಅವರೆಲ್ಲ ನನ್ನ ಮಕ್ಕಳು ಕಣೇ. ಅವರು ರಾತ್ರಿ ಉಡುಪಲ್ಲೇ ಓಡಾಡ್ಕೊಂಡಿದ್ದ ಜಾಗ ಅದು,” ಎಂದಳು. ಅಷ್ಟು ಹೇಳಿ ತಿರುಗಿ ಹೋದಳು. ನೆಟ್ಟಗೆ ನಡೆದೇ ಹೋದಳು, ಮಂಡಿಗೆ ಏನೂ ಆಗಿರಲಿಲ್ಲ.

ಆ ಬೀಗದ ಕೈಯನ್ನು ಮತ್ತೆ ಯಾರಿಗೆ ಕೊಡಬೇಕೆಂದು ತಿಳಿಯದೆ ಅಡಿಗೆಮನೆಯ ಮೊಳೆಗೆ ನೇತುಹಾಕಿದೆ. ಮನೆಯೊಳಗಿರುವ ಬೀಗದ ಕೈಯಿಂದ ಹೊರಗಿದ್ದವಳಿಗೆ ಏನು ಉಪಯೋಗ ಹೇಳು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕಸ ಹಾಕಲೆಂದು ಹೊರಬಂದೆ, ಗಾಳಿಗೆ ಬಾಗಿಲು ಧಡ್ ಎಂದು ಹಾಕಿಕೊಂಡಿತು. ಕಸದ ಬುಟ್ಟಿ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದೇನೆ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಮೂಲೆಯ ಅಂಗಡಿಯವರು ಬೀಗದವನಿಗೆ ಫೋನು ಮಾಡಿದರು, ಮಧ್ಯಾಹ್ನದ ಮೇಲೆ ಬರುತ್ತೇನೆಂದ. ಅಲ್ಲಿಯವರೆಗೆ ಎಲ್ಲಿಗೆ ಹೋಗಲಿ? ಓಣಿಯ ಎರಡೂ ಬದಿ ನೋಡಿದೆ. ಇಷ್ಟು ವರ್ಷ ಬದುಕಿದ ಬೀದಿಯಲ್ಲಿ ಬಾಗಿಲು ತಟ್ಟಿ ‘ಸ್ವಲ್ಪ ಹೊತ್ತು ಕೂರಲೇ’ ಎನ್ನಬಹುದಾದ ಒಂದು ಮನೆ ಹೊಳೆಯಲಿಲ್ಲ. ಬುಟ್ಟಿಯನ್ನು ಬಾಗಿಲ ಪಕ್ಕ ಇಟ್ಟು ಅದೇ ಚಪ್ಪಲಿಯಲ್ಲಿ ಕಾಲೇಜಿಗೆ ನಡೆದೆ.

ಗೇಟಿನೊಳಗೆ ಕಾಲಿಟ್ಟಾಗ ತುಸು ಸಮಾಧಾನವಾಯಿತು, ನಿಜ ಹೇಳುತ್ತೇನೆ. ಗದ್ದಲವಿತ್ತು. ಸೈಕಲ್ಲು ನಿಲ್ಲಿಸುವಲ್ಲಿ ಜಾಗವಿರಲಿಲ್ಲ. ಸಭಾಂಗಣದ ಮಾಡಿಗೆ ಮರದ ಅಟ್ಟಣೆ ಕಟ್ಟಿ ಕೆಲಸ ನಡೆಯುತ್ತಿತ್ತು. ಭೌತಶಾಸ್ತ್ರದ ಮೇಷ್ಟರು ಎದುರು ಸಿಕ್ಕರು. “ಮೇಡಂ, ಈಗ ನನ್ನ ದನಿ ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲ ಅಂತ ದೂರು ಬಂದಿದೆ!” ಎಂದು, ಲಾಟರಿ ಹೊಡೆದವರಂತೆ ಹೇಳಿದರು. ಹುಡುಗರು ಬಂದದ್ದರಿಂದ ಹುಡುಗಿಯರೂ ಹೆಚ್ಚು ಸೇರಿದ್ದರು. ಯಾಕೆ ಎಂದು ಒಬ್ಬಳನ್ನು ಕೇಳಿದೆ. “ನಮ್ಮಣ್ಣನೂ ಇಲ್ಲೇ ಸೇರಿದಾನೆ ಮೇಡಂ. ಅದಕ್ಕೇ ಮನೇಲಿ ಕಳ್ಸಿದ್ರು. ಇಲ್ಲಾಂದ್ರೆ ಓದು ಸಾಕು ಅಂದಿದ್ರು,” ಎಂದಳು. ಸಂತೋಷಪಡಬೇಕೋ ಕಪಾಳಕ್ಕೆ ಹೊಡೆಸಿಕೊಂಡಂತೆ ನಿಲ್ಲಬೇಕೋ ಗೊತ್ತಾಗಲಿಲ್ಲ. ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ನನಗೂ ಬಂತು. ಆದರೆ ಅವಳು ಕೈಯಲ್ಲಿ ಪುಸ್ತಕ ಹಿಡಿದು ನನ್ನ ಎದುರು ನಿಂತಿದ್ದಳಲ್ಲ, ಅವಳಿಗೆ ಏನು ಹೇಳಲಿ? ಆ ಅಣ್ಣನನ್ನೂ ವಿಚಾರಿಸಿದೆ, ನೂರು ವರ್ಷದ ಈ ಕಾಲೇಜನ್ನೇ ಯಾಕೆ ಆರಿಸಿಕೊಂಡೆ ಎಂದು. ತಲೆ ಕೆರೆದುಕೊಂಡು, “ಮನೆಗೆ ಹತ್ರ ಮೇಡಂ” ಎಂದ. ನಾವೆಲ್ಲ ಒಬ್ಬರೊಂದಿಗೊಬ್ಬರು ಮಾತು ಬಿಡುವ ಹಾಗೆ ಆದದ್ದು ಇವನ ಮನೆಗೆ ಹತ್ತಿರವಾಗಲಿ ಎಂದೇ ಇರಬೇಕು.

ಆಮೇಲೆ ಓದುವ ಕೋಣೆಗೆ ಹೋದೆ. ಅಲ್ಲಿ ಕೂರೋಣ, ಬೀಗದವನು ಬರುವ ಹೊತ್ತಾಗುತ್ತದೆ ಎಂದು. ಕೋಣೆ ತುಂಬಿತ್ತು. ಹುಡುಗರು ಒಂದು ಕಡೆ ಕಾಲು ಚಾಚಿ ಕೂತಿದ್ದರು. ಅವರು ಕೆಟ್ಟವರೇನಲ್ಲ, ಒಬ್ಬ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ. ಆದರೆ ಹುಡುಗಿಯರು ಎಲ್ಲರೂ ನೆಟ್ಟಗೆ ಕೂತಿದ್ದರು ಮರೀ. ಮೊಣಕಾಲು ಜೋಡಿಸಿ, ಬಟ್ಟೆ ಸರಿಮಾಡಿಕೊಂಡು. ಕಿಟಕಿಯ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಯಾರೂ ನಿದ್ದೆ ಹೋಗಿರಲಿಲ್ಲ. ಹಾಗೆ ಕೂರಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಇರಿದದ್ದು.

ಆ ಮಾತಿನಲ್ಲಿ ನೀನು ಸರಿ. ನೂರಕ್ಕೆ ನೂರು ಸರಿ. ಕೋಣೆಯನ್ನು ಉಳಿಸಿದೆ, ಆದರೆ ಅದರೊಳಗೆ ಇದ್ದ ಏನೋ ಒಂದು ನನ್ನ ಕೈ ಮೇಲೇಳುತ್ತಿದ್ದಂತೆ ಹೊರಟುಹೋಗಿತ್ತು. ಮತ್ತೆ ಮತ ಹಾಕು ಎಂದರೂ ಅದೇ ಕೈ ಎತ್ತುತ್ತೇನೆ. ಇವೆರಡೂ ನನ್ನೊಳಗೆ ಅಕ್ಕಪಕ್ಕ ಕೂತಿವೆ, ಒಂದಕ್ಕೊಂದು ಮಾತಾಡುವುದಿಲ್ಲ.

ಮುಂದಿನ ಸಭೆಯಲ್ಲಿ ಇದನ್ನು ಹಾಗೇ ಹೇಳಿದೆ, ನುಣುಪು ಮಾಡದೆ. ಮೊಮ್ಮಗ ಅಷ್ಟರಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದರು. ಡಾಕ್ಟರಮ್ಮ ಮಾತ್ರ, ನನ್ನ ವಿರುದ್ಧ ಮತ ಹಾಕಿದವರು, ಉಳಿದಿದ್ದಾರೆ. ಬಾಗಿಲು ಹಾಕಿದ ಹಾಸ್ಟೆಲಿನ ಮೇಲಿನ ಅಂತಸ್ತನ್ನು ತೆರೆಸಿ, ಅಲ್ಲಿ ಹುಡುಗಿಯರಿಗೇ ಎಂದು ಒಂದು ಓದುವ ಕೋಣೆ ಮಾಡೋಣ ಎಂದರು ಅವರು. ಎಲ್ಲರೂ ಒಪ್ಪಿದೆವು. ಅದು ಹಳೆಯ ಕೋಣೆಯಾಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಕಿಟಕಿಗಳಿಗೆ ಅಗಲವಾದ ಕಟ್ಟೆ ಇದೆ, ನೋಡಿ ಬಂದೆ.

ಸಭೆ ಮುಗಿದ ಮೇಲೆ ಡಾಕ್ಟರಮ್ಮ ನನ್ನ ಜೊತೆ ಗೇಟಿನವರೆಗೆ ನಡೆದರು. ಅಭ್ಯಾಸಬಲದಿಂದ ನನ್ನ ನಾಡಿ ಹಿಡಿದು ನೋಡಿದರು. “ವಿಚಿತ್ರ ನೋಡಿ,” ಎಂದರು. “ಸೋತೋಳು ನಾನು. ನನ್ನ ಮನೇಲಿ ಜನ ತುಂಬಿರ್ತಾರೆ, ಸಮಾಧಾನ ಹೇಳೋಕೆ. ಗೆದ್ದೋರು ನೀವು, ನಿಮ್ಮನೇಲಿ ಯಾರಿದ್ದಾರೆ?”

“ರೇಡಿಯೋ ಇದೆ,” ಎಂದೆ.

ನಕ್ಕರು. ಅವರು ನಕ್ಕರೆಂದು ನಾನೂ ನಕ್ಕೆ. ಈಗ ಗುರುವಾರ ಗುರುವಾರ ಬಂದು ಅರ್ಧ ಗಂಟೆ ಕೂತುಹೋಗುತ್ತಾರೆ. ಹೆಚ್ಚು ಮಾತಿಲ್ಲ. ರೋಗಿಯನ್ನು ನೋಡಲು ಬಂದವರ ಹಾಗೆ ಕೂರುತ್ತಾರೆ, ಆದರೆ ಬರುತ್ತಾರೆ. ವಾರ್ಡನ್ನು ಇನ್ನೂ ಬಂದಿಲ್ಲ. ನಾನು ಬೆಳಿಗ್ಗೆ ಮೈದಾನವನ್ನು ಬಲದಿಂದ ಸುತ್ತುತ್ತೇನೆ, ಅವಳು ಎಡದಿಂದ. ದಿನಕ್ಕೆ ಎರಡು ಸಲ ಎದುರಾಗುತ್ತೇವೆ. ಹೋದ ವಾರ ಒಮ್ಮೆ ತಲೆಯಾಡಿಸಿದಳು. ಅಥವಾ ನೊಣ ಓಡಿಸಿದಳೋ, ನನ್ನ ಕಣ್ಣನ್ನು ನಂಬುವಂತಿಲ್ಲ.

ಅಧ್ಯಕ್ಷೆಯಾಗಿ ನನ್ನ ಅವಧಿ ಇನ್ನೂ ಎರಡು ವರ್ಷ ಇದೆ. ಬಿಟ್ಟುಬಿಡಲೇ ಎಂದು ಎಷ್ಟೋ ಸಲ ಅನಿಸಿದೆ. ಬಿಡುವುದಿಲ್ಲ. ಬಾಗಿಲು ತೆರೆದವಳು ಗಾಳಿಗೆ ಹೆದರಿ ಒಳಗೆ ಹೋಗಿ ಕೂರಬಾರದು. ಹೊಸ ಕೋಣೆಯಲ್ಲಿ ಒಬ್ಬ ಹುಡುಗಿಯಾದರೂ ಕಾಲು ಚಾಚಿ ಕೂತದ್ದನ್ನು ನೋಡಿ ಆಮೇಲೆ ಹೋಗುತ್ತೇನೆ.

ಇಷ್ಟೇ ಮರೀ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡು ತಿನ್ನಬೇಡ. ನೀನು ಬರೆಯುವ ಗೆರೆಗಳು ಎಲ್ಲೂ ನಡುಗದಿರಲಿ, ನಿನ್ನ ಕಣ್ಣು ನಿನಗೆ ನೂರು ವರ್ಷ ಬಾಳಲಿ, ನಿನಗೆ ಸರಿ ಕಂಡದ್ದನ್ನು ಕಾಗದ ಮಡಚಿಟ್ಟು ಹೇಳುವ ಆ ಗಂಡೆದೆ... ಅಲ್ಲ, ಆ ಹೆಣ್ಣೆದೆ ನಿನ್ನನ್ನು ಎಂದೂ ಬಿಡದಿರಲಿ. ನನ್ನೆದುರು ನಿಂತು ಹೇಳುವಾಗಲೂ ಬಿಡದಿರಲಿ.

ಸದಾ ನಿನ್ನ ಒಳಿತನ್ನೇ ನೆನೆಯುವ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದದ್ದಕ್ಕೆ ಬೈಯಬೇಡ. ಒಂದು ಮಾತು ಉಳಿದಿದೆ. ಸಭೆಯಲ್ಲಿ ನೀನು ನನ್ನನ್ನು ‘ಅಧ್ಯಕ್ಷರೇ, ನೀವು’ ಎಂದೆ. ಅದು ಸರಿ, ಸಭೆಗೆ ಅದರದೇ ಮರ್ಯಾದೆ ಇದೆ. ಆದರೆ ಆಮೇಲೆ ನನ್ನ ಹುಟ್ಟುಹಬ್ಬದ ದಿನ ಫೋನು ಮಾಡಿ, “ನೀವು ಹೇಗಿದ್ದೀರಿ? ಔಷಧಿ ತಗೊಳ್ತಾ ಇದ್ದೀರಾ?” ಎಂದೆ. ಯಾರಿಗೋ ಹೇಳುತ್ತಿದ್ದೀಯ, ಪಕ್ಕದಲ್ಲಿ ಯಾರೋ ಇದ್ದಾರೆ ಎಂದುಕೊಂಡೆ. ಅದರ ಮುಂದಿನ ಸಲವೂ ‘ನೀವು’. ಹೋದ ತಿಂಗಳೂ ‘ನೀವು’. ಕಾಲೇಜಿನ ವಿಷಯದಲ್ಲಿ ನೀನು ನನ್ನನ್ನು ಒಪ್ಪಬೇಕಾಗಿಲ್ಲ, ಎಂದೆಂದಿಗೂ ಒಪ್ಪಬೇಡ. ಇಸ್ಪೀಟಿನವರು ಬಿಟ್ಟರು, ವಾರ್ಡನ್ನು ಬಿಟ್ಟಳು, ಅದನ್ನೆಲ್ಲ ತಡೆದುಕೊಂಡೆ. ಮಾತು ಬಂದಾಗಿನಿಂದ ನೀನು ನನ್ನನ್ನು ‘ಹೋಗಮ್ಮಾ, ನಿಂಗೇನೂ ಗೊತ್ತಾಗಲ್ಲ’ ಎಂದವಳು. ಈ ಮರ್ಯಾದೆ ನನ್ನಿಂದ ಹೊರಲಾಗುತ್ತಿಲ್ಲ ಮರೀ. ಫೋನು ಮಾಡು, ಬೈಯುವುದಿದ್ದರೆ ಬಾಯ್ತುಂಬ ಬೈ. ಆದರೆ ‘ನೀನು’ ಎಂದು ಬೈ.